ಕಾಣದ ತಂತಿಗೂ ಬೆಲೆ ಇರಲಿ

ರಾಯಚೂರು ಜಿಲ್ಲೆಯ ದೇವಸುಗೂರಿನ ಸುಗೂರೇಶ್ವರನ ದರ್ಶನಕ್ಕೆ ಬಂದವರು ಪಕ್ಕದ ಶಕ್ತಿನಗರದ ಚಿಮಣಿಗಳನ್ನು ಕತ್ತೆತ್ತಿ ನೋಡುತ್ತಾರೆ. 1985ರಲ್ಲಿ ಮೊದಲ ಘಟಕ ಶುರುವಾದ ಈ ಶಾಖೋತ್ಪನ್ನ ಕೇಂದ್ರದಲ್ಲಿ ಈಗ ಎಂಟು ಘಟಕಗಳಿವೆ. ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಆದರೆ ಒಳಗೆ ದುಡಿಯುವವರ ಚಿಂತೆ ಚಿಮಣಿಯದಲ್ಲ, ಕೇಬಲ್ ಮತ್ತು ಕೂಲಿಂಗ್‌ನದು. ಕೃಷ್ಣೆಯ ನೀರು ತಣಿಸದಿದ್ದರೆ ಅಷ್ಟು ದೊಡ್ಡ ಯಂತ್ರವೂ ನಿಲ್ಲಲೇಬೇಕು.

ವಿಮಾನಕ್ಕೆ ರೇಡಿಯೊ ಕೂರಿಸುವವರದೂ ಇದೇ ಚಿಂತೆ. ಪೈಲಟ್‌ಗೆ ಕಾಣುವುದು ಗುಂಡಿ ಮತ್ತು ಅಂಕಿ ಮಾತ್ರ. ಕೆಲಸವೆಲ್ಲ ಅವುಗಳ ಹಿಂದಿದೆ. ಮೈಕಿನ ತಂತಿಗೆ ಲೋಹದ ಜಾಲರಿಯ ಹೊದಿಕೆ ಇರುತ್ತದೆ. ಆ ಜಾಲರಿಯನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಗ್ರೌಂಡ್ ಮಾಡುತ್ತಾರೆ. ಎರಡೂ ತುದಿ ಕಟ್ಟಿದರೆ ಆಲ್ಟರ್ನೇಟರಿನ ಕೀರಲು ಸದ್ದು ಹೆಡ್‌ಫೋನಿಗೆ ನುಗ್ಗಿ, ಕಂಟ್ರೋಲ್ ಟವರಿನ ಮಾತೇ ಕೇಳದಂತಾಗಬಹುದು. ಕರೆಂಟ್ ಹೆಚ್ಚಾದಾಗ ಸಂಪರ್ಕ ಕಡಿಯುವ ಬ್ರೇಕರ್ ಇರುವುದೂ ಮುಖ್ಯವಾಗಿ ತಂತಿಯನ್ನು ಕಾಯಲು. ಆದ್ದರಿಂದ ತಂತಿ ಎಷ್ಟು ಕರೆಂಟ್ ತಾಳುತ್ತದೆ ಎಂದು ನೋಡಿಯೇ ಬ್ರೇಕರ್ ಆರಿಸುತ್ತಾರೆ.

ಇನ್ನು ಗಾಳಿ. ಒಂದರ ಮೇಲೊಂದು ಜೋಡಿಸಿದ ರೇಡಿಯೊ ಪೆಟ್ಟಿಗೆಗಳ ನಡುವೆ ಸಂದು ಬಿಡಬೇಕು, ಸಣ್ಣ ಬ್ಲೋವರಿನಿಂದ ಪೈಪ್ ಎಳೆದು ಗಾಳಿ ಹಾಯಿಸಬೇಕು. ಬಿಸಿ ಹತ್ತು ಡಿಗ್ರಿ ಏರಿದರೆ ಎಲೆಕ್ಟ್ರಾನಿಕ್ ಭಾಗಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ.

ತಂತಿಯ ಕೆಲಸವನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ಕರಾವಳಿಯಲ್ಲಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 229 ಜನರೂ ಸತ್ತರು. ಕಾಕ್‌ಪಿಟ್ ಚಾವಣಿಯ ಮೇಲಿನ ತಂತಿಯಲ್ಲಿ ಹಾರಿದ ಕಿಡಿಯಿಂದ ಬೆಂಕಿ ಹತ್ತಿರಬೇಕೆಂದು ತನಿಖೆ ಹೇಳಿತು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗೆ ಈ ಪಾಠ ದೂರದ್ದಲ್ಲ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿಬಿಡುತ್ತೇವೆ. ಆಗ ಕಾವಲುಗಾರನನ್ನೇ ಮನೆಯಿಂದ ಹೊರಹಾಕಿದಂತೆ. ಇನ್ವರ್ಟರನ್ನು ಗೋಡೆಗೆ ಒತ್ತರಿಸಿ, ಮೇಲೆ ಹಳೆ ಪೇಪರ್ ಕಟ್ಟು ಹೇರುತ್ತೇವೆ. ಮಾನ್ವಿಯ ಗದ್ದೆಯಾಗಲಿ ದೇವದುರ್ಗದ ಹೊಲವಾಗಲಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ನೆರಳಿದೆಯೇ ಎಂದು ನೋಡುವವರು ಕಡಿಮೆ.

ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿದು ತಂತಿಯಲ್ಲಿ ಉಳಿಸಲು ಹೊರಡುವುದು ಉಳಿತಾಯವಲ್ಲ. ಕಣ್ಣಿಗೆ ಕಾಣುವ ಕೆಲಸಕ್ಕೆ ಕೊಡುವ ಮರ್ಯಾದೆಯನ್ನು ಕಾಣದ ಕೆಲಸಕ್ಕೂ ಕೊಡೋಣ. ವೈರ್‌ಮನ್ ಒಳ್ಳೆಯ ತಂತಿ ಬೇಕೆಂದರೆ, ಇನ್ನೊಂದು ದಿನ ಹಿಡಿಯುತ್ತದೆಂದರೆ ಚೌಕಾಸಿ ಬೇಡ. ಅವನು ಕೇಳುತ್ತಿರುವುದು ನಮ್ಮ ಜೀವಕ್ಕೆ ಬೇಕಾದದ್ದನ್ನೇ.