ಕಾರಣವೂ ಅಪರಾಧವೂ

ಒಂದು ವಸ್ತು ಒಬ್ಬನ ಕೈಯಲ್ಲಿ ಕೆಟ್ಟಿತೆಂದರೆ, ಅವನೇ ಅದನ್ನು ಕೆಡಿಸಿದನೆಂದು ಹೇಳಬಹುದೆ? ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿ, ಕಾರಣದ ಲಕ್ಷಣವನ್ನು ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆ ಕಠಿನವಾಗಬಾರದು. ನಾನು ಅದನ್ನು ಓದಿದವನು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿದವನು. ಆದರೂ ಕಳೆದ ಮುಂಗಾರಿನಲ್ಲಿ ಆ ಪ್ರಶ್ನೆ ನಮ್ಮ ಮನೆಯ ಪಡಸಾಲೆಯಲ್ಲಿಯೇ ಎದುರು ನಿಂತಾಗ, ಓದಿದುದೊಂದೂ ನೆರವಿಗೆ ಬರಲಿಲ್ಲ. ಅದನ್ನು ವಾಚಕರ ಮುಂದೆ ಇಡುವುದರಲ್ಲಿ ನನಗೆ ನಾಚಿಕೆಯುಂಟು, ಆದರೂ ಇಡುತ್ತೇನೆ.

ಎರಡು ವರ್ಷಗಳ ಹಿಂದೆ ನನ್ನ ಮಗನು ನನಗೊಂದು ಕಂಪ್ಯೂಟರನ್ನು ತಂದುಕೊಟ್ಟನು. ಹೊಸದಲ್ಲ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ತೆಗೆದುಹಾಕಿದ ಯಂತ್ರಗಳನ್ನು ವರ್ತಕರು ಸಗಟಾಗಿ ಕೊಂಡು, ಧೂಳು ಕೊಡವಿ, ಸವೆದ ಭಾಗಗಳನ್ನು ಬದಲಿಸಿ, ಹೊಸ ಡಿಸ್ಕನ್ನು ಹಾಕಿ ಕಡಮೆ ಬೆಲೆಗೆ ಮಾರುತ್ತಾರೆ. ಅಂಗಡಿಯವರು ಇದನ್ನು ‘ರಿಫರ್ಬಿಶ್ಡ್’ ಎನ್ನುತ್ತಾರೆ. ನನ್ನ ಗುರುಗಳು ಪಾಠ ಹೇಳುವಾಗ ಬರೆಯಿಸಿದ ಟಿಪ್ಪಣಿಗಳನ್ನು ನಾನು ಅದರಲ್ಲಿ ಪ್ರತಿಮಾಡುತ್ತಿದ್ದೆನು. ಇನ್ನೂರು ಪುಟಗಳಷ್ಟಾಗಿತ್ತು. ಅವುಗಳ ಇನ್ನೊಂದು ನಕಲನ್ನು ಎಲ್ಲಿಯೂ ಇಟ್ಟಿರಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಪಿ.ಯು.ಸಿ. ಓದುವ ಮಗನಿದ್ದಾನೆ. ಸಂಜೆಯ ವೇಳೆ ಬಂದು ಆ ಯಂತ್ರದಲ್ಲಿ ತನ್ನ ಪಾಠದ ಕೆಲಸವನ್ನು ಮಾಡಿಕೊಳ್ಳುತ್ತಿದ್ದನು. ಹಾಗೆ ಮಾಡಿಕೊಳ್ಳೆಂದವನು ನಾನೇ. ಒಂದು ರಾತ್ರಿ ಗುಡುಗು ಸಿಡಿಲು ಹೆಚ್ಚಾಗಲು, ಅವನು ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟು ಮನೆಗೆ ಹೋದನು. ಬೆಳಿಗ್ಗೆ ನಾನು ಪ್ಲಗ್ಗನ್ನು ಹಾಕಿ ಗುಂಡಿಯನ್ನು ಒತ್ತಿದೆನು. ಒಳಗಿನ ಫ್ಯಾನು ತಿರುಗಿತು, ದೀಪ ಹೊತ್ತಿತು, ಪರದೆಯ ಮೇಲೆ ಯಾವುದೋ ಒಂದು ಸಾಲು ಬಂದು, ಕೀಯೊಂದನ್ನು ಒತ್ತಬೇಕೆಂದಿತು. ಸಾಲನ್ನು ಓದದೆ ಕೀಯನ್ನು ಒತ್ತಿದೆನು. ಆಗ ಪರದೆ ನೀಲಿಯಾಗಿ, ಡಿಸ್ಕು ಕೈಗೆ ಸಿಕ್ಕುತ್ತಿಲ್ಲವೆಂಬರ್ಥದ ಇಂಗ್ಲಿಷ್ ಮಾತು ಕಾಣಿಸಿತು. ಮೂರು ಸಲ ಆರಿಸಿ ಹೊತ್ತಿಸಿದೆನು. ಮೂರು ಸಲವೂ ಅದೇ.

ಸಂಜೆ ಹುಡುಗನು ಬಂದಾಗ, ‘ಏನು ಮಾಡಿದೆಯೋ?’ ಎಂದೆನು.

‘ಪ್ಲಗ್ ಕಿತ್ತಿಟ್ಟೆ, ಅಷ್ಟೆ ಮೇಷ್ಟ್ರೆ. ಬೇರೆ ಏನೂ ಮುಟ್ಟಲಿಲ್ಲ.’

ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮರುದಿನ ಅವನ ತಾಯಿ ಪೊರಕೆಯನ್ನು ಹಿಡಿದು ಬಾಗಿಲಲ್ಲಿಯೇ ನಿಂತು, ‘ಎಷ್ಟಾಗುತ್ತೋ ನನ್ನ ಸಂಬಳದಲ್ಲಿ ಮುರ್ಕೊಳ್ಳಿ ಮೇಷ್ಟ್ರೆ, ಅವನು ಇನ್ನು ಈ ಕಡೆ ಬರಲ್ಲ’ ಎಂದಳು. ನಾನು ದುಡ್ಡು ಬೇಡವೆಂದೆನು. ಹಾಗೆ ಬೇಡವೆಂದುದರಲ್ಲಿ ನನ್ನ ಔದಾರ್ಯವನ್ನು ಕಂಡು ನನಗೇ ಸಂತೋಷವಾಯಿತು! ಮಾಡದ ತಪ್ಪನ್ನು ಕ್ಷಮಿಸುವುದೂ ಒಂದು ಬಗೆಯ ಅನ್ಯಾಯವೆಂಬುದು ಆಗ ಹೊಳೆಯಲಿಲ್ಲ.

ಭಾನುವಾರ ನನ್ನ ಹಳೆಯ ಶಿಷ್ಯನೊಬ್ಬನು ಬಂದನು. ಪಾಲಿಟೆಕ್ನಿಕ್ಕಿನಲ್ಲಿ ಉಪನ್ಯಾಸಕ. ಬಂದವನೇ ಯಂತ್ರವನ್ನು ಬಿಚ್ಚುವನೆಂದು ತಿಳಿದಿದ್ದೆನು. ಅವನು ಕುರ್ಚಿಯನ್ನೆಳೆದುಕೊಂಡು ಸುಮ್ಮನೆ ನೋಡುತ್ತ ಕುಳಿತನು. ಫ್ಯಾನು ತಿರುಗುವುದರಿಂದ ವಿದ್ಯುತ್ತು ಒಳಗೆ ಬರುತ್ತಿದೆ. ಅಕ್ಷರ ಮೂಡುವುದರಿಂದ ಮೆಮೊರಿಯೂ ಪರದೆಯೂ ಬದುಕಿವೆ. ಹೀಗೆ ಒಂದೊಂದನ್ನೇ ಸಂಶಯದಿಂದ ಬಿಡಿಸಿದನು. ನಾನು ಓದದೆ ದಾಟಿದ ಸಾಲನ್ನು ಅವನು ಓದಿದನು. ಗಡಿಯಾರಕ್ಕೆ ವೇಳೆ ತಪ್ಪಿಹೋಗಿದೆಯೆಂದು ಅದರಲ್ಲಿತ್ತು. ‘ಈಚೆಗೆ ಪ್ಲಗ್ ಕಿತ್ತಿಟ್ಟಿದ್ದಿರಾ ಸಾರ್?’ ಎಂದು ಕೇಳಿದನು.

ಈ ಯಂತ್ರಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂತಹ ಒಂದು ಬ್ಯಾಟರಿಯಿರುತ್ತದೆ. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ. ಅದರಿಂದಲೇ ಅದಕ್ಕೆ ಸಿ.ಆರ್. 2032 ಎಂದು ಹೆಸರು. ಬಲ 3 ವೋಲ್ಟು. ಯಂತ್ರವು ಮಲಗಿದ್ದರೂ ಪ್ಲಗ್ಗು ಗೋಡೆಯಲ್ಲಿದ್ದಷ್ಟು ಕಾಲ ಸ್ವಲ್ಪ ವಿದ್ಯುತ್ತು ಒಳಗೆ ಹರಿಯುತ್ತಿರುತ್ತದೆಯಾಗಿ, ಬ್ಯಾಟರಿಗೆ ಶ್ರಮವಿಲ್ಲ. ಪ್ಲಗ್ಗನ್ನು ಕಿತ್ತೊಡನೆ ಗಡಿಯಾರವನ್ನೂ ಯಂತ್ರದ ಕಟ್ಟಳೆಗಳನ್ನೂ ನೆನಪಿಟ್ಟುಕೊಳ್ಳುವ ಭಾರವೆಲ್ಲ ಅದರದೇ. ನಮ್ಮದು ಕಚೇರಿಯ ಕಾಲದ ಮುದಿ ಬ್ಯಾಟರಿ. ಆ ರಾತ್ರಿ ಅದು ಸೋತಿತು; ಯಂತ್ರವು ಎಲ್ಲವನ್ನೂ ಮರೆತು, ಕಾರ್ಖಾನೆಯಿಂದ ಹೊರಟ ದಿನದ ಕಟ್ಟಳೆಗೆ ಮರಳಿತು. ಆ ಕಟ್ಟಳೆಯಲ್ಲಿ ಡಿಸ್ಕಿನೊಡನೆ ವ್ಯವಹರಿಸುವ ರೀತಿ ರೇಡ್ ಎಂಬುದು. ವರ್ತಕನು ಹೊಸ ಡಿಸ್ಕನ್ನು ಸಿದ್ಧಪಡಿಸಿದ್ದುದು ಎ.ಎಚ್.ಸಿ.ಐ. ಎಂಬ ಬೇರೆ ರೀತಿಯಲ್ಲಿ. ಡಿಸ್ಕು ಇದ್ದಲ್ಲಿಯೇ ಇತ್ತು. ನನ್ನ ಇನ್ನೂರು ಪುಟಗಳೂ ಇದ್ದುವು. ಸಿಕ್ಕುತ್ತಿಲ್ಲವೆಂದು ಯಂತ್ರ ಹೇಳಿದುದನ್ನು ಇಲ್ಲವೆಂದು ಅರ್ಥಮಾಡಿಕೊಂಡವನು ನಾನು. ಕಾಣತಕ್ಕ ಸ್ಥಿತಿಯಲ್ಲಿದ್ದೂ ಕಾಣದಿದ್ದರೆ ಮಾತ್ರ ಅಭಾವ ಸಿದ್ಧಿಸುತ್ತದೆಂದು ಮೀಮಾಂಸಕರು ಹೇಳಿರುವುದನ್ನು ಎಷ್ಟು ವರ್ಷ ಪಾಠ ಹೇಳಿದೆನೋ!

ಶಿಷ್ಯನು ರೀತಿಯೊಂದನ್ನೇ ಬದಲಿಸಿದನು, ಯಂತ್ರ ಎದ್ದಿತು. ನಾನು ಕೈಮುಗಿಯುವಷ್ಟರಲ್ಲಿ ಅವನು ಅದನ್ನು ನಿಲ್ಲಿಸಿ ಪ್ಲಗ್ಗನ್ನು ಕಿತ್ತನು. ಸರಿಹೋದುದನ್ನು ಮತ್ತೆ ಕೆಡಿಸುವುದೇಕೆಂದರೆ, ‘ಕಾರಣ ಇದೇ ಹೌದೋ ಅಲ್ಲವೋ ನೋಡಬೇಡವೆ ಸಾರ್?’ ಎಂದನು. ಕಾಫಿಯಾದ ಮೇಲೆ ಪ್ಲಗ್ಗನ್ನು ಹಾಕಿದರೆ ಅದೇ ನೀಲಿ ಪರದೆ. ಆಮೇಲೆ ಪೇಟೆಯಿಂದ ಬ್ಯಾಟರಿಯನ್ನು ತರಿಸಿ ಹಾಕಿ, ರೀತಿಯನ್ನು ತಿದ್ದಿ, ಊಟ ಮುಗಿಯುವವರೆಗೆ ಪ್ಲಗ್ಗನ್ನು ಕಿತ್ತೇ ಇಟ್ಟನು. ಈ ಸಲ ಯಂತ್ರ ಮರೆಯಲಿಲ್ಲ. ಅನ್ವಯ ವ್ಯತಿರೇಕಗಳನ್ನು ನಾನು ಹೊಗೆ ಬೆಂಕಿಗಳ ಉದಾಹರಣೆಯಿಂದ ಹೇಳಿಕೊಟ್ಟಿದ್ದೆನು. ಅವುಗಳನ್ನು ಆಚರಿಸಿ ತೋರಿಸಿದವನು ಅವನು.

ಇನ್ನು ಹುಡುಗನ ವಿಚಾರ. ನೈಯಾಯಿಕರಲ್ಲಿ ಕುಂಬಾರನ ಕತ್ತೆಯ ದೃಷ್ಟಾಂತ ಪ್ರಸಿದ್ಧವಾದುದು. ಮಡಕೆ ಹುಟ್ಟುವುದಕ್ಕೆ ಮುಂಚೆ ಮಣ್ಣನ್ನು ಹೊತ್ತು ತಂದ ಕತ್ತೆ ಅಲ್ಲಿತ್ತು ನಿಜ; ಆದರೆ ಮಡಕೆಗೆ ಕತ್ತೆ ಕಾರಣವೆಂದು ಯಾರೂ ಹೇಳುವುದಿಲ್ಲ. ಅದು ಅನ್ಯಥಾಸಿದ್ಧ. ಹುಡುಗನೂ ಹಾಗೆಯೇ ಎಂದು ಹೇಳಿ ಪಾರಾಗೋಣವೆಂದು ಮೊದಲು ಎಣಿಸಿದೆನು, ಅದು ಸರಿಯಾಗದು. ಅವನು ಪ್ಲಗ್ಗನ್ನು ಕೀಳದಿದ್ದರೆ ಯಂತ್ರ ಆ ರಾತ್ರಿ ಕೆಡುತ್ತಿರಲಿಲ್ಲ. ಆದುದರಿಂದ ಅವನ ಕ್ರಿಯೆ ಕಾರಣಸಾಮಗ್ರಿಯಲ್ಲಿ ಸೇರಿದುದೇ. ಆದರೆ ಅವನಲ್ಲದಿದ್ದರೆ ಮುಂದಿನ ವಾರದ ಕರೆಂಟು ಹೋಗುವಿಕೆಯಾದರೂ ಆ ಕೆಲಸವನ್ನು ಮಾಡುತ್ತಿತ್ತು. ಅಡಗಿದ್ದ ದೋಷ ಒಬ್ಬನ ಕೈಯಲ್ಲಿ ಬೆಳಕಿಗೆ ಬಂತು. ಆ ಕೈಯಾದರೋ ಸಿಡಿಲಿನಿಂದ ಯಂತ್ರವನ್ನು ಕಾಯಲು ಹೊರಟಿದ್ದ ಕೈ. ಕಾರಣವಾಗುವುದು ಬೇರೆ, ಅಪರಾಧಿಯಾಗುವುದು ಬೇರೆ. ತಿಳಿಯಬೇಕಾದುದನ್ನು ತಿಳಿಯದೆ, ಮಾಡಬೇಕಾದುದನ್ನು ಮಾಡದೆ ಇದ್ದವನಿಗಲ್ಲವೆ ಅಪರಾಧ?

ಹಾಗಾದರೆ ಹಳೆಯ ಬ್ಯಾಟರಿಯನ್ನು ಬಿಟ್ಟ ವರ್ತಕನೆ? ಎರಡು ವರ್ಷದ ಹಿಂದೆ ಅದರಲ್ಲಿ ಬಲವಿದ್ದಿರಬಹುದು. ನಕಲನ್ನಿಡದ ನಾನೆ? ಹೀಗೆ ಹಿಂದೆ ಹಿಂದೆ ಹೋದರೆ ದೋಷವು ತೆಳುವಾಗುತ್ತ ಹೋಗುತ್ತದೆ. ಇದರಿಂದ ಯಾರೂ ತಪ್ಪಿತಸ್ಥರಲ್ಲವೆಂದು ಹೇಳುವವರುಂಟು, ನಾನು ಒಪ್ಪುವುದಿಲ್ಲ. ಆ ವಾರ ನಮ್ಮ ಮನೆಯಲ್ಲಿ ಸ್ಪಷ್ಟವಾದ ಒಂದು ಅಪರಾಧ ನಡೆಯಿತು. ಅದರಲ್ಲಿ ಯಂತ್ರದ ಪಾಲೇನೂ ಇಲ್ಲ.

ಪ್ಲಗ್ಗನ್ನು ಕಿತ್ತವನು ನನ್ನ ಮಗನಾಗಿದ್ದರೆ ಏನೆನ್ನುತ್ತಿದ್ದೆನು? ‘ಹಳೆಯ ಯಂತ್ರ, ಪಾಪ, ಎಷ್ಟು ದಿನ ಬಂದೀತು’ ಎನ್ನುತ್ತಿದ್ದೆನು. ಸಾಕ್ಷ್ಯ ಅದೇ, ಅನುಮಾನ ಎರಡು. ಹಾಗಾದರೆ ನನ್ನ ಅನುಮಾನಕ್ಕೆ ಹೇತುವಾದುದು ಯಂತ್ರದಲ್ಲಿರಲಿಲ್ಲ, ಹುಡುಗನ ತಾಯಿಯ ಕೈಯಲ್ಲಿದ್ದ ಪೊರಕೆಯಲ್ಲಿತ್ತು. ಆಪ್ತನಾಗಲು ಕುಲವೂ ಪದವಿಯೂ ಬೇಕಿಲ್ಲವೆಂದು ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನನ ಅಭಿಪ್ರಾಯ. ಕಂಡುದನ್ನು ಕಂಡಂತೆ ಹೇಳಿದರೆ ಸಾಕು. ಹುಡುಗನು ಹಾಗೆಯೇ ಹೇಳಿದ್ದನು. ಶಿಷ್ಯನು ಭಾನುವಾರ ಕೇಳಿದ ಪ್ರಶ್ನೆಗೆ ಉತ್ತರ ಮಂಗಳವಾರವೇ ಬಂದಿತ್ತು. ನಾನು ಅದನ್ನು ಮಾಹಿತಿಯೆಂದು ಕೇಳದೆ ತಪ್ಪೊಪ್ಪಿಗೆಯೆಂದು ಕೇಳಿದೆನು.

ಆ ಸಂಜೆ ಅವರ ಮನೆಗೆ ಹೋಗಿ, ನಡೆದುದನ್ನೆಲ್ಲ ಹೇಳಿ, ತಪ್ಪು ನನ್ನದೆಂದೆನು. ಹುಡುಗನು ತಲೆತಗ್ಗಿಸಿ ಕೇಳುತ್ತಿದ್ದು, ‘ಬ್ಯಾಟರಿಗೆ ಎಷ್ಟಾಯ್ತು ಮೇಷ್ಟ್ರೆ?’ ಎಂದನು. ನಲವತ್ತು ರೂಪಾಯಿಯೆಂದೆನು. ಅವನ ತಾಯಿ ಏನನ್ನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಅವನು ಬರತೊಡಗಿದನು. ಈಗಲೂ ಬರುತ್ತಾನೆ. ಯಂತ್ರದ ಮುಂದೆ ಕೂರುವ ಮೊದಲು ಪ್ರತಿದಿನವೂ ‘ಮುಟ್ಟಲಾ ಮೇಷ್ಟ್ರೆ?’ ಎಂದು ಕೇಳುತ್ತಾನೆ. ಮುಂಚೆ ಹಾಗೆ ಕೇಳುತ್ತಿರಲಿಲ್ಲ.