ಹಗ್ಗದ ಕೆಳಗಿಟ್ಟ ಹಳೇ ಬಟ್ಟೆ

ಮೂಲವಚನ: ಯೆರೆಮೀಯ 38ನೆಯ ಅಧ್ಯಾಯ, 7ರಿಂದ 13ನೆಯ ವಚನಗಳು



ಯೆರೂಸಲೇಮ್ ಪಟ್ಟಣವು ಬಾಬೆಲಿನವರ ಮುತ್ತಿಗೆಯಿಂದ ಹಸಿದು ಸೊರಗಿದ್ದ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಈ ವಚನಗಳು ನಮಗೆ ತಿಳಿಸುತ್ತವೆ. ದೇವರ ಮಾತನ್ನು ಮುಚ್ಚಿಡದೆ ಸಾರಿದ ಯೆರೆಮೀಯನ ಮೇಲೆ ಪ್ರಧಾನರು ಸಿಟ್ಟುಗೊಂಡು, ಅವನನ್ನು ಹಗ್ಗ ಕಟ್ಟಿ ಒಂದು ಬಾವಿಯೊಳಕ್ಕೆ ಇಳಿಸಿಬಿಟ್ಟರು. ಅದರಲ್ಲಿ ನೀರಿರಲಿಲ್ಲ, ಕೆಸರು ಮಾತ್ರ ಇತ್ತು. ಪ್ರವಾದಿಯು ಆ ಕೆಸರಿನಲ್ಲಿ ಹೂತುಕೊಂಡನು. ಅವನ ಸ್ವಜನರಲ್ಲಿ ಯಾರಾದರೂ ಅವನ ಪರವಾಗಿ ಬಾಯಿ ತೆರೆದರೆಂದು ಈ ಅಧ್ಯಾಯವು ಹೇಳುವದಿಲ್ಲ. ಆಗ ಎದ್ದವನು ಪರದೇಶದವನು, ಅರಮನೆಯ ಸೇವೆಯಲ್ಲಿದ್ದ ಎಬೆದ್ಮೆಲೆಕನೆಂಬ ಕೂಷ್ಯನು. ಕೂಷ್ ಎಂಬದು ಐಗುಪ್ತಕ್ಕೆ ತೆಂಕಣದಲ್ಲಿ, ನೈಲ್ ನದಿಯ ದಂಡೆಯಲ್ಲಿದ್ದ ಆಫ್ರಿಕದ ಸೀಮೆ; ಇಂದಿನ ಸುಡಾನ್ ದೇಶದ ಬಡಗಣ ಭಾಗವು ಅದರೊಳಗೆ ಸೇರಿತ್ತು. ಎಬೆದ್ಮೆಲೆಕ ಎಂದರೆ ಅರಸನ ಸೇವಕ. ತಾಯಿ ಇಟ್ಟ ಹೆಸರು ಬೇರೆ ಇದ್ದರೆ ಅದು ನಮಗೆ ಉಳಿದಿಲ್ಲ. ಅವನು ಮಾಡಿದ ಕಾರ್ಯವು ಮಾತ್ರ ಉಳಿದದೆ.

ಆಫ್ರಿಕದ ಬಡ ಮಕ್ಕಳ ವಿದ್ಯೆಗೂ ಪಾಲನೆಗೂ ಕಾಣಿಕೆ ಎತ್ತುವ ಮಾತು ಸಭೆಗಳಲ್ಲಿ ಬಂದಾಗಲೆಲ್ಲಾ ನಾವು ಕೊಡುವವರು, ಅವರು ಪಡೆಯುವವರು ಎಂದು ಎಣಿಸುವ ರೂಢಿಯುಂಟು. ವೇದವು ಆ ಲೆಕ್ಕವನ್ನು ತಿರುವಿ ಹಾಕುತ್ತದೆ. ಹೆರೋದನ ಕತ್ತಿಗೆ ತಪ್ಪಿಸಿಕೊಂಡ ಶಿಶುವಾದ ಯೇಸುವಿಗೆ ಆಶ್ರಯ ದೊರಕಿದ್ದು ಐಗುಪ್ತದಲ್ಲಿ. ಕರ್ತನ ಶಿಲುಬೆಗೆ ಹೆಗಲು ಕೊಟ್ಟ ಸೀಮೋನನು ಆಫ್ರಿಕದ ಕುರೇನ್ಯ ಪಟ್ಟಣದವನು. ಪೌಲನನ್ನೂ ಬಾರ್ನಬನನ್ನೂ ಸುವಾರ್ತೆಗಾಗಿ ಕಳುಹಿಸಿದ ಅಂತಿಯೋಕ್ಯದ ಬೋಧಕರಲ್ಲಿ ಒಬ್ಬನಾದ ಲೂಕ್ಯನು ಅದೇ ಕುರೇನ್ಯದವನು. ಹೀಗಿರುವಲ್ಲಿ ಆಫ್ರಿಕದವರಿಗೆ ನಾವು ಕೊಡುವದೆಲ್ಲಾ ಹಳೇ ಸಾಲದ ಬಡ್ಡಿಯೇ ಹೊರತು ದಾನವೆನ್ನಿಸಿಕೊಳ್ಳದು.

ನಮ್ಮ ಸಭೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1828ರಲ್ಲಿ, ಇಂದು ಘಾನಾ ಎನಿಸಿಕೊಳ್ಳುವ ಚಿನ್ನದ ಕರಾವಳಿಗೆ ಬೋಧಕರನ್ನು ಕಳುಹಿಸಿದರು. ಮಂಗಳೂರಿಗೆ ಕಳುಹಿಸಿದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಆ ಆಫ್ರಿಕದ ತೀರದಲ್ಲಿ ಮೊದಲು ಹೋದವರು ಬಹುಮಟ್ಟಿಗೆ ಜ್ವರದಿಂದ ತೀರಿಹೋದರು. 1843ರಲ್ಲಿ ಜಮೈಕಾ ದ್ವೀಪದಿಂದ ಕೆಲವು ಕ್ರೈಸ್ತ ಕುಟುಂಬಗಳು ಹಡಗು ಹತ್ತಿ ಅಕ್ರೊಪಾಂಗ್ ಎಂಬ ಊರಿಗೆ ಬಂದು ನೆಲೆಸಿದ ಮೇಲೆ ಅಲ್ಲಿಯ ಸಭೆಯೂ ಶಾಲೆಯೂ ಬೇರೂರಿದವು. ಆ ಕುಟುಂಬಗಳವರು ಯಾರು? ಆಫ್ರಿಕದಿಂದ ದಾಸರಾಗಿ ಒಯ್ಯಲ್ಪಟ್ಟವರ ಸಂತಾನದವರೇ. ಇನ್ನು ಈ ಕೆಲಸಕ್ಕೆಲ್ಲಾ ಹಣ ಎಲ್ಲಿಂದ ಬಂತು? ಅರ್ಧ ಬಾಟ್ಸೆನ್ ಕಾಣಿಕೆಯೆಂದು ಹೆಸರಾದ ಒಂದು ಏರ್ಪಾಡು ಅಲ್ಲಿ 1850ರ ದಶಕದಲ್ಲಿ ಹುಟ್ಟಿತು. ಬಾಟ್ಸೆನ್ ಎಂಬದು ಆ ಸೀಮೆಯ ಚಿಲ್ಲರೆ ನಾಣ್ಯ. ಅದರಲ್ಲಿ ಸಾಧಾರಣ ಜನರೂ ವಾರವಾರಕ್ಕೆ ಪುಡಿಗಾಸು ಕೂಡಿಸಿ ಕೊಡುತ್ತಿದ್ದರು. ಒಂದೇ ಜೋಳಿಗೆಯಿಂದ ಅಕ್ರೊಪಾಂಗಿನ ಮಗುವಿಗೂ ಮಂಗಳೂರಿನ ಮಗುವಿಗೂ ಹಲಗೆ ಬಳಪಗಳು ಸಿಕ್ಕಿದವು. ಆ ಮಕ್ಕಳು ಒಬ್ಬರನ್ನೊಬ್ಬರು ಅರಿಯದಿದ್ದರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು.

ಆದರೆ ಆಫ್ರಿಕವು ಬಹು ದೂರ, ದಾಸನಕೊಪ್ಪದಂಥ ಊರಲ್ಲಿ ಕೂತ ನಾವು ಅಲ್ಲಿಯ ಮಗುವಿಗೆ ಏನು ಮಾಡಬಲ್ಲೆವು ಎಂದು ಕೇಳುವವರುಂಟು. ಪ್ರಿಯರೇ, ಅದು ಅಷ್ಟು ದೂರವಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ದಾಸರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಕೆಲವರು ಓಡಿ ಬಂದು, ಕೆಲವರು ಬಿಡುಗಡೆ ಹೊಂದಿ ಬಂದು, ನಮ್ಮ ಘಟ್ಟದ ಅಡವಿಯನ್ನು ಹೊಕ್ಕರು. ಕಂಪನಿ ಸರಕಾರವು 1843ರಲ್ಲಿ ದಾಸತ್ವಕ್ಕೆ ಕಾಯಿದೆಯ ಆಸರೆಯನ್ನು ತೆಗೆದುಹಾಕಿತು. ಆದಾಗ್ಯೂ ಒಡೆಯರ ತೋಟದ ದುಡಿತವೂ ಸಾಲದ ಕಟ್ಟೂ ತಲೆಮಾರುಗಳ ತನಕ ಬಿಡಲಿಲ್ಲ. ಇವರಲ್ಲಿ ಹಿಂದುಗಳೂ ಮುಸಲ್ಮಾನರೂ ರೋಮನ್ ಕಥೋಲಿಕರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದವರೆಂದು ಎಣಿಸಲ್ಪಟ್ಟರು. 2011ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆಯು 10,000ಕ್ಕೂ ಮಿಕ್ಕಿತ್ತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನೇಮಕ ಹೊಂದಿದರು. ಅವರಿಗಿಂತ ಮುಂಚೆ ಆ ಜನರೊಳಗಿಂದ ಯಾರೂ ಆ ಸಭೆಯಲ್ಲಿ ಕೂತಿರಲಿಲ್ಲ. ಕಾಡಂಚಿನ ಮಗುವೂ ಓದಿದರೆ ಎಲ್ಲಿಯ ತನಕ ಹೋಗಬಲ್ಲದೆಂಬದಕ್ಕೆ ಇದು ಸಾಕ್ಷಿ.

ಹಾಗಾದರೆ ಸಹಾಯ ಮಾಡುವದು ಹೇಗೆ? ಎಬೆದ್ಮೆಲೆಕನಿಂದ ನಾಲ್ಕು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು, ಅವನು ಕೇಳಿ ಸುಮ್ಮನಿರಲಿಲ್ಲ. ಅರಮನೆಯಲ್ಲಿ ಆ ಸುದ್ದಿ ಹಲವರ ಕಿವಿಗೆ ಬಿದ್ದಿರಬೇಕು. ಅವನ ಕಿವಿಗೆ ಬಿದ್ದದ್ದು ಕಾಲಿಗೂ ಇಳಿಯಿತು. ಮನೆಯಲ್ಲಿ ಕೊಂಕಣಿಯ ಒಂದು ರೂಪವನ್ನಾಡಿ ಬೆಳೆದ ಸಿದ್ದಿ ಮಗುವು ಕನ್ನಡ ಶಾಲೆಯ ಬಾಗಿಲಲ್ಲಿ ನಿಂತಾಗ ಅದಕ್ಕೆ ಗುರುಗಳ ಮಾತು ಹೊಸತು. ಅದರ ಮೇಲೆ ಕೂದಲನ್ನೂ ಬಣ್ಣವನ್ನೂ ಕುರಿತು ಜೊತೆಯ ಮಕ್ಕಳು ಹಾಸ್ಯ ಮಾಡಿದರೆ ಅದು ಮನೆಗೆ ಹಿಂತಿರುಗುವದು. ಎರಡನೆಯ ದಿನ ಕಳುಹಿಸಬಹುದು, ಮೂರನೆಯ ದಿನ ಅದು ಕಾಡಿಗೆ ಓಡುವದು. ಹಾಸ್ಯ ಮಾಡುವ ಮಕ್ಕಳಲ್ಲಿ ನಮ್ಮ ಸಂಡೇ ಶಾಲೆಯ ಮಕ್ಕಳೂ ಇರಬಹುದಲ್ಲವೇ? ಆದದರಿಂದ ಈ ಧರ್ಮಕಾರ್ಯದ ಮೊದಲನೆಯ ಕಾಸು ಹಣವಲ್ಲ. ನಮ್ಮ ಮಕ್ಕಳ ನಾಲಿಗೆಯನ್ನು ತಿದ್ದುವದೇ ಅದು.

ಎರಡನೆಯದು, ಅವನು ಅರಸನ ಬಳಿಗೆ ಹೋದನು. ಚಿದ್ಕೀಯನು ಬೆನ್ಯಾಮೀನಿನ ಬಾಗಿಲಲ್ಲಿ ಕೂತಿರುವಾಗ, ಇವರು ಮಾಡಿದ್ದು ಕೆಟ್ಟದ್ದೆಂದು ಎಬೆದ್ಮೆಲೆಕನು ನೇರವಾಗಿ ಹೇಳಿದನು. ಕರುಣೆಯಿಂದ ಒಂದು ರೊಟ್ಟಿಯನ್ನು ಬಾವಿಗೆ ಎಸೆದು ಮನೆಗೆ ಹೋಗುವದು ಅವನಿಗೆ ಸುಲಭವಾಗಿತ್ತು. ಆದರೆ ಬಾವಿಯಲ್ಲಿರುವವನಿಗೆ ಬೇಕಾದದ್ದು ಬಾವಿಯಿಂದ ಹೊರಗೆ ಬರುವದೇ. ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ವೆಚ್ಚವಿಲ್ಲದ ಶಾಲೆಯು 2010ರಿಂದ ಕಾಯಿದೆಯ ಹಕ್ಕಾಗಿದೆ. ಪಂಗಡದ ಮಕ್ಕಳಿಗಾಗಿ ಆಶ್ರಮ ಶಾಲೆಗಳೂ ವಿದ್ಯಾರ್ಥಿವೇತನಗಳೂ ಇವೆ. ಆದರೆ ಜಾತಿ ಪ್ರಮಾಣಪತ್ರವಿಲ್ಲದೆ ವೇತನವು ಕೈಗೆ ಬಾರದು. ಒಂದು ದಿನದ ಕೂಲಿಯನ್ನು ಬಿಟ್ಟು ತಾಲೂಕು ಕಚೇರಿಗೆ ಹೋಗುವ ತಂದೆಯು, ನಾಳೆ ಬಾ ಎಂಬ ಮಾತು ಕೇಳಿ ಬರಿಗೈಯಲ್ಲಿ ತಿರುಗಿದರೆ ಮತ್ತೊಮ್ಮೆ ಹೋಗುವದು ಕಷ್ಟ. ಅರ್ಜಿ ಬರೆಯಬಲ್ಲ ಒಬ್ಬ ಸಭೆಯವನು ಅವನ ಸಂಗಡ ಹೋಗಿ ನಿಂತರೆ ಅದು ನೂರು ರೂಪಾಯಿ ಕಾಣಿಕೆಗಿಂತ ದೊಡ್ಡದು.

ಮೂರನೆಯದು, ಅವನು ಒಬ್ಬಂಟಿಗನಾಗಿ ಹೋಗಲಿಲ್ಲ. ಮೂವತ್ತು ಮಂದಿಯನ್ನು ಕರೆದುಕೊಂಡು ಹೋಗೆಂದು ಅರಸನು ಅಪ್ಪಣೆ ಕೊಟ್ಟನು. ಒಬ್ಬನನ್ನು ಮೇಲಕ್ಕೆತ್ತಲು ಮೂವತ್ತು ಮಂದಿ! ಒಬ್ಬ ಧನಿಕನು ಒಂದು ಸಾರಿ ಕೊಟ್ಟು ಮರೆಯುವ ದೊಡ್ಡ ಮೊತ್ತಕ್ಕಿಂತಲೂ ಮೂವತ್ತು ಮನೆಗಳು ತಿಂಗಳು ತಿಂಗಳು ತಪ್ಪದೆ ಕೊಡುವ ಚಿಕ್ಕ ಮೊತ್ತವು ಮಗುವಿಗೆ ಹೆಚ್ಚು ಭದ್ರ. ಹಗ್ಗವನ್ನು ಅರ್ಧ ಎಳೆದು ಕೈಬಿಟ್ಟರೆ ಏನಾಗುವದೆಂದು ಬಾವಿ ಸೇದುವ ಪ್ರತಿಯೊಬ್ಬ ತಾಯಿಯೂ ಬಲ್ಲಳು. ಕೊಡವು ಮೊದಲಿಗಿಂತ ಜೋರಾಗಿ ಬೀಳುವದು. ಏಳನೆಯ ತರಗತಿಯಲ್ಲಿ ಕೈ ಹಿಡಿದ ಮಗುವನ್ನು ಒಂಬತ್ತರಲ್ಲಿ ಬಿಡುವದಾದರೆ ಹಿಡಿಯದಿರುವದೇ ಲೇಸು. ಮಿಜೋ ಸೀಮೆಯ ಕ್ರೈಸ್ತ ಸ್ತ್ರೀಯರು 1910ರಿಂದ ಅಡಿಗೆಗೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿಯನ್ನು ದೇವರಿಗೆಂದು ತೆಗೆದಿಡುತ್ತಾ ಬಂದಿದ್ದಾರೆ. ಆ ಹಿಡಿ ಅಕ್ಕಿಯಿಂದ ಅಲ್ಲಿಯ ಸಭೆಗಳ ಬಹು ಸೇವೆಯು ನಡೆಯುತ್ತಿದೆ. ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಒಂದು ಹಿಡಿ ಅಕ್ಕಿ ಯಾವ ಮನೆಯನ್ನು ಬಡತನಕ್ಕೆ ತಳ್ಳೀತು?

ನಾಲ್ಕನೆಯದು ಎಲ್ಲಕ್ಕೂ ಮುಖ್ಯವಾದದ್ದು. ಎಬೆದ್ಮೆಲೆಕನು ಹಗ್ಗ ಹಿಡಿದು ನೆಟ್ಟಗೆ ಬಾವಿಗೆ ಹೋಗಲಿಲ್ಲ. ಮೊದಲು ಭಂಡಾರದ ಕೆಳಗಣ ಕೋಣೆಗೆ ಹೋಗಿ ಹರಕು ಬಟ್ಟೆಗಳನ್ನು ಆರಿಸಿ ತಂದು, ಅವುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಗ್ಗವನ್ನು ಹಾಕಿಕೊಳ್ಳೆಂದು ಪ್ರವಾದಿಗೆ ಹೇಳಿದನು. ಯಾಕಂದರೆ ಹಸಿವಿನಿಂದ ಬಡಕಲಾದ ದೇಹವನ್ನು ಬರೀ ಹಗ್ಗದಿಂದ ಎಳೆದರೆ ಚರ್ಮವು ಸುಲಿಯುವದು. ಪ್ರಾಣ ಉಳಿಸುವ ಹಗ್ಗವೂ ಗಾಯ ಮಾಡಬಲ್ಲದು. ಪ್ರಿಯರೇ, ನಮ್ಮ ಧರ್ಮವೂ ಹಾಗೆಯೇ. ಪುಸ್ತಕ ಕೊಟ್ಟು ಮಗುವನ್ನು ಜನರ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವದು ಬರೀ ಹಗ್ಗ. ಕೊಟ್ಟದ್ದನ್ನು ಆ ಮಗುವಿನ ತಾಯಿಗೆ ಮತ್ತೆ ಮತ್ತೆ ನೆನಪು ಮಾಡುವದು ಬರೀ ಹಗ್ಗ. ನಮ್ಮ ಸಭೆಗೆ ಬಂದರೆ ಮಾತ್ರ ಕೊಡುವೆವೆಂಬ ಷರತ್ತು ಎಲ್ಲಕ್ಕಿಂತ ಒರಟಾದ ಹಗ್ಗ. ಅದು ಕಾಳು ಚೆಲ್ಲಿ ಹಕ್ಕಿ ಹಿಡಿಯುವವನ ಕೆಲಸ. ಎಬೆದ್ಮೆಲೆಕನು ಮೇಲೆತ್ತುವದಕ್ಕೆ ಮುಂಚೆ ಯಾವ ಷರತ್ತನ್ನೂ ಇಡಲಿಲ್ಲ.

ಇಲ್ಲಿ ಸಿದ್ದಿ ಸ್ತ್ರೀಯರಿಂದಲೇ ಕಲಿಯತಕ್ಕದ್ದೊಂದುಂಟು. ಅವರು ಹಳೇ ಸೀರೆ ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತಾ ಹೋಗಿ ಕೌದಿಯನ್ನು ಮಾಡುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ಹೂವನ್ನು ಕೂಡಿಸದೆ ಕೌದಿ ಮುಗಿಯಿತೆನ್ನುವದಿಲ್ಲ. ಮಲಗುವ ಮಗುವಿಗೆ ಆ ಹೂವಿನಿಂದ ಹೆಚ್ಚು ಬಿಸಿಯಾಗದು. ಆದರೂ ಹೂವಿಲ್ಲದ ಕೌದಿಯು ಬೆತ್ತಲೆ ಎಂದು ಅವರು ಎಣಿಸುತ್ತಾರೆ. ಮಾನವಿಲ್ಲದ ಧರ್ಮವೂ ಹಾಗೆಯೇ ಬೆತ್ತಲೆ.

ನಮ್ಮ ಮಕ್ಕಳ ಫೀಜನ್ನೇ ಕಟ್ಟಲು ಕಷ್ಟಪಡುತ್ತಿರುವಾಗ ಬೇರೆಯವರ ಮಕ್ಕಳ ಚಿಂತೆ ನಮಗೇಕೆ ಎಂದು ಒಬ್ಬ ತಂದೆಯು ಕೇಳಿದರೆ ನಾವು ಅವನನ್ನು ಗದರಿಸೆವು. ಅವನ ಕಷ್ಟವು ಸುಳ್ಳಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಅವನು ಮನೆಯಲ್ಲಿ ಓದಲಿ. ಮಕೆದೋನ್ಯದ ಸಭೆಗಳವರು ಸ್ವತಃ ಕಡು ಬಡತನದಲ್ಲಿದ್ದು, ತಾವು ಎಂದೂ ನೋಡದ ಯೂದಾಯದ ಬಡವರಿಗೆ ಕೊಡುವ ಭಾಗ್ಯವನ್ನು ಬೇಡಿ ಪಡೆದರು. ಇಲ್ಲದ್ದನ್ನು ದೇವರು ಕೇಳುವದಿಲ್ಲ, ಇದ್ದದ್ದರ ಪ್ರಕಾರವೇ ಅಂಗೀಕರಿಸುತ್ತಾನೆಂದು ಅಪೊಸ್ತಲನು ಅಲ್ಲಿ ತಿಳಿಸುತ್ತಾನೆ. ತನ್ನ ಮಗುವಿಗೆ ಕಡಿಮೆ ಮಾಡಿ ಕೊಡೆಂದು ನಾವು ಯಾರಿಗೂ ಹೇಳುವದಿಲ್ಲ. ತನ್ನ ಮಗುವಿನ ಕೈಯಿಂದಲೇ ಆ ಹಿಡಿ ಅಕ್ಕಿಯನ್ನು ಹಾಕಿಸಲಿ. ಆ ಮಗುವಿಗೂ ಅದು ಒಂದು ಪಾಠವಾಗುವದು.

ಆದದರಿಂದ ಪ್ರತಿ ಸಭೆಯವರೂ ಹತ್ತಿರದ ಒಂದು ಶಾಲೆಯನ್ನು ಗೊತ್ತುಮಾಡಿಕೊಂಡು, ಅಲ್ಲಿಯ ಗುರುಗಳನ್ನೂ ಮಕ್ಕಳ ತಂದೆತಾಯಿಗಳನ್ನೂ ಕಂಡು, ನಿಮಗೆ ಏನು ಬೇಕೆಂದು ಮೊದಲು ಕೇಳಲಿ. ಸಮುದ್ರದಾಚೆಯ ಮಕ್ಕಳಿಗೆ ಕೊಡಬಯಸುವವರು ಅಲ್ಲಿಯ ಸಭೆಗಳ ಮೂಲಕವೇ ಕೊಡಲಿ. ಬಾಸೆಲಿನ ಹಳೇ ಸೇವೆಯನ್ನು ಮಿಶನ್ 21 ಎಂಬ ಸಂಸ್ಥೆಯು 2001ರಿಂದ ಅಂಥಾ ಸಭೆಗಳ ಜೊತೆಗೂಡಿ ನಡಿಸುತ್ತಿದೆ. ಬಂದದ್ದೂ ಕೊಟ್ಟದ್ದೂ ಹಿರಿಯರ ಮುಂದೆ ಲೆಕ್ಕವಾಗಿ ಓದಲ್ಪಡಲಿ. ಪಡೆದ ಮಗುವಿನ ಹೆಸರು ಮಾತ್ರ ಓದಲ್ಪಡದಿರಲಿ.

ಪಟ್ಟಣವು ಬಿದ್ದಾಗ ಎಬೆದ್ಮೆಲೆಕನ ಪ್ರಾಣವನ್ನು ಉಳಿಸುವೆನೆಂದು ದೇವರು ಯೆರೆಮೀಯನ ಬಾಯಿಂದಲೇ ಅವನಿಗೆ ಹೇಳಿ ಕಳುಹಿಸಿದನು. ಬಾವಿಯಿಂದ ಎತ್ತಲ್ಪಟ್ಟವನೇ ಎತ್ತಿದವನಿಗೆ ಜೀವದ ಮಾತನ್ನು ತಂದನು. ಇಂದು ನಾವು ಯಾವ ಮಗುವಿನ ಕಂಕುಳಲ್ಲಿ ಬಟ್ಟೆ ಇಡುವೆವೋ, ನಾಳೆ ಆ ಮಗುವಿನ ಬಾಯಿಂದ ನಮಗೆ ಬರಬೇಕಾದ ಮಾತು ಯಾವದೋ ದೇವರೇ ಬಲ್ಲನು. ಕೆಸರಿನಿಂದ ನಮ್ಮನ್ನೂ ಎತ್ತಿದ ಕರ್ತನು ನಮ್ಮ ಕೈಗಳಿಗೆ ಬಲವನ್ನೂ ಮೃದುತ್ವವನ್ನೂ ಕೊಡಲಿ. ಆಮೆನ್.