ಭಾರ ಎತ್ತುವವರು ಯಾರು?

ಎದೆಯ ಕ್ಯಾನ್ಸರಿಗೆ ಆಪರೇಷನ್ ಆದವಳಿಗೆ ಡಾಕ್ಟರು ಹೇಳ್ತಾರೆ: 'ರೆಸ್ಟ್ ತಗೊಳ್ಳಮ್ಮ, ಆ ಕೈಲಿ ಭಾರ ಎತ್ತಬೇಡ.' ಮಾತು ಸರಿಯೇ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಊದಿಕೊಳ್ಳುವ ಭಯ ವರ್ಷಗಟ್ಟಲೆ ಇರುತ್ತೆ. ಆದರೆ ಮೈಸೂರಿನ ಬೀದಿ ಗುಡಿಸುವವಳ, ಮನೇಲಿ ಊದುಬತ್ತಿ ಹೊಸೆಯುವವಳ ಅನ್ನ ಇರೋದೇ ಆ ಕೈಯಲ್ಲಿ. ವಿಶ್ರಾಂತಿ ದುಡಿಯುವವಳ ಹಕ್ಕೋ, ಉಳ್ಳವರ ಸೊತ್ತೋ?

2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2023ರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗೋ ಕೆಂಪು ಬಸ್ಸೂ ಹೆಂಗಸರಿಗೆ ಪುಕ್ಕಟೆ. ಒಳ್ಳೇದೇ. ಕೈತಪ್ಪಿದ ಕೂಲಿಯನ್ನು ಮಾತ್ರ ಆ ಕಾರ್ಡು ತುಂಬಿಕೊಡಲ್ಲ.

ಕೂದಲು ಚಿಗುರಿದ ಕೂಡಲೇ 'ವಾಸಿಯಾಯ್ತು' ಅಂತಾರೆ. ಸುಸ್ತು ಹೋಗಿರಲ್ಲ, ಹಲವರಿಗೆ ಮಾತ್ರೆ 5ರಿಂದ 10 ವರ್ಷ. 'ನೀನು ಗಟ್ಟಿಗಿತ್ತಿ ಕಣಕ್ಕ' ಅನ್ನೋದಕ್ಕೆ ನಮಗೇನೂ ಖರ್ಚಾಗಲ್ಲ. ಹಾಗಂದು ಆಕೆಯ ಕೈಗೇ ಬಿಂದಿಗೆ ಕೊಡೋದು ಯಾವ ನ್ಯಾಯ? (ಮುಟ್ಟಿದರೆ ಅಂಟದ ಈ ಕಾಯಿಲೆಗೂ ಕೆಲವು ಮನೆಗಳಲ್ಲಿ ಲೋಟ ಬೇರೆ ಇಡ್ತಾರೆ. ಬೇರೆ ಲೋಟ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.)

ಕಾಯಿಲೆ ರಜೆಯ ಕೂಲಿಯನ್ನು ಸರ್ಕಾರದ ಹತ್ರ ಕೇಳುವ ಸಂಘಟನೆಯ ಗಂಡಸರು ಮನೆಗೆ ಹೋಗಿ ನೀರೂ ಹೊರಬೇಕು, ಬಟ್ಟೆಯೂ ಒಗೀಬೇಕು. ಒಂದು ವಾರವಲ್ಲ, ವರ್ಷಗಟ್ಟಲೆ.